ನಲವತ್ತೆಂಟು ಮನೆಯ ಒಪ್ಪಿಗೆ

"ಮೊದ್ಲು ಎಲೆ, ಆಮೇಲೆ ಪೇಪರ್ರು. ತಲೇಲಿ ಮಡಿಕ್ಕೊ."

ಕೆಲಸಕ್ಕೆ ಸೇರಿದ ದಿನ ಪುಟ್ಟಸ್ವಾಮಣ್ಣ ನನಗೆ ಹೇಳಿಕೊಟ್ಟಿದ್ದು ಇಷ್ಟೇ. ಹನ್ನೊಂದು ವರ್ಷ ಅದನ್ನೇ ಮಾಡಿದೆ. ಬಿಟ್ಟು ಎರಡು ವರ್ಷವಾಯಿತು. ನನಗೆ ಈಗ ಮೂವತ್ತನಾಲ್ಕು. ಈ ವಯಸ್ಸಿಗೆ ನಿವೃತ್ತಿ ಎಂದರೆ ನಗುತ್ತಾರೆ, ನಗಲಿ. ಆ ಕೆಲಸಕ್ಕೆ ನಾನು ಮತ್ತೆ ಹೋಗುವುದಿಲ್ಲ, ಅಷ್ಟು ಸಾಕು. ಹೊಸದಾಗಿ ಬರುವ ಹುಡುಗರಿಗೆ ಆಫೀಸಿನಲ್ಲಿ ಯಾರೂ ಹೇಳದ ಕೆಲವು ಸಂಗತಿಗಳಿವೆ. ಅವನ್ನು ಬರೆಯುತ್ತಿದ್ದೇನೆ. ಓದಿದ್ದು ಒಂಬತ್ತನೇ ಕ್ಲಾಸು, ಅದಕ್ಕೆ ತಕ್ಕಂತೆ ಇರುತ್ತದೆ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಒಂದು ಹಳೇ ಅಪಾರ್ಟ್‌ಮೆಂಟ್ ಇರುತ್ತದೆ. ಲಿಫ್ಟ್ ಇಲ್ಲ, ಮಳೆ ಬಂದರೆ ಸೋರುತ್ತದೆ. ಒಂದೊಂದು ಮನೆಗೆ ಒಬ್ಬೊಬ್ಬ ಓನರ್. ಮನೆಗಿಂತ ಅದರ ಕೆಳಗಿನ ಜಾಗಕ್ಕೆ ಬೆಲೆ ಜಾಸ್ತಿ. ಬಿಲ್ಡರ್ ಬಂದು, ಪೂರ್ತಿ ಕೊಡಿ, ಕೆಡವಿ ದೊಡ್ಡದು ಕಟ್ಟುತ್ತೇನೆ ಎನ್ನುತ್ತಾನೆ. ಕೆಲವು ಓನರುಗಳು ದುಡ್ಡು ತೆಗೆದುಕೊಂಡು ಹೋಗುತ್ತಾರೆ, ಕೆಲವರು ಅದರ ಬದಲು ಹೊಸ ಕಟ್ಟಡದಲ್ಲಿ ಮನೆ ತೆಗೆದುಕೊಳ್ಳುತ್ತಾರೆ. ಆದರೆ ಮಾರುವುದಾದರೆ ಎಲ್ಲರೂ ಒಟ್ಟಿಗೆ ಮಾರಬೇಕು. ಒಬ್ಬರು ಒಲ್ಲೆ ಎಂದರೂ ಬಿಲ್ಡರ್ ಕೈ ಹಾಕುವುದಿಲ್ಲ. ಮನೆಮನೆಗೆ ಹೋಗಿ ಎಲ್ಲರನ್ನೂ ಒಪ್ಪಿಸಿ ಸಹಿ ತರುವವನು ನಾನು. ರಾಮನಗರದಲ್ಲಿ ರೇಷ್ಮೆ ಗೂಡಿನ ಮಾರ್ಕೆಟ್ ಹತ್ತಿರ ನಮ್ಮ ಆಫೀಸು. ಪುಟ್ಟಸ್ವಾಮಣ್ಣ ಅದರ ಮಾಲೀಕರು.

ಎಲೆ ವಿಷಯ. ನಮ್ಮ ಕಡೆ ಮಾತು ಮುಗಿದರೆ ಎಲೆ ಅಡಿಕೆ ಕೊಡುತ್ತಾರೆ. ಹೆಣ್ಣು ಗೊತ್ತಾದರೂ ಅಷ್ಟೇ, ಹಸು ಮಾರಿದರೂ ಅಷ್ಟೇ. ಎಲೆ ಹಿಡಿದ ಮೇಲೆ ಹಿಂದೆ ಸರಿಯುವುದಕ್ಕೆ ಜನ ನಾಚುತ್ತಾರೆ. ಪುಟ್ಟಸ್ವಾಮಣ್ಣ ಇದನ್ನು ಅಪಾರ್ಟ್‌ಮೆಂಟಿಗೆ ತಂದಿದ್ದರು. ಕಾಗದ ತೋರಿಸಿದರೆ ಓನರ್ ಹೆದರುತ್ತಾನೆ, ಮಗನನ್ನು ಕೇಳುತ್ತೇನೆ, ಲಾಯರನ್ನು ಕೇಳುತ್ತೇನೆ ಎನ್ನುತ್ತಾನೆ. ಅದೇ ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ, ಒಂದು ಬಾಳೆಹಣ್ಣು ಇಟ್ಟು ಮುಂದೆ ಹಿಡಿದರೆ ಯಾರೂ ಬೇಡ ಎನ್ನುವುದಿಲ್ಲ. ತಿಂಗಳಾದ ಮೇಲೆ ಪೇಪರ್ ತೆಗೆದುಕೊಂಡು ಹೋದರೆ, "ಅವತ್ತೇ ಎಲೆ ಇಸ್ಕಂಡಿದ್ದೀನಲ್ಲ, ಕೊಡಪ್ಪ ಪೆನ್ನು" ಎನ್ನುತ್ತಾರೆ. ನೂರಕ್ಕೂ ಹೆಚ್ಚು ಮನೆಯಲ್ಲಿ ಹೀಗೇ ಆಗಿದ್ದನ್ನು ನಾನು ನೋಡಿದ್ದೇನೆ.

ಕೆಡುವುದೂ ಇತ್ತು. ಚನ್ನಪಟ್ಟಣದಲ್ಲಿ ಎಂಟು ಮನೆಯ ಕಟ್ಟಡ. ಒಂದು ಮನೆಯ ಗಂಡಸಿಗೆ ಎಲೆ ಕೊಟ್ಟೆ, ಟೀ ಕುಡಿದೆ, ಬಂದೆ. ಪೇಪರ್ ತೆಗೆದುಕೊಂಡು ಹೋದ ದಿನ ಹೆಂಡತಿ ಬಾಗಿಲಿಗೆ ಬಂದಳು.

"ಯಾರ್ನ ಕೇಳ್ಕಂಡ್ ಸೈನ್ ಆಕುಸ್ತಿದ್ದೀಯಾ?"

"ಯಜಮಾನ್ರು ಒಪ್ಪವ್ರೆ ಅಕ್ಕ."

"ಅವನ್ ಒಪ್ತಾನೆ, ಅವನ್ದೇನ್ ಓಯ್ತದೆ? ಮನೆ ನಮ್ಮಪ್ಪ ನನ್ ಎಸರ್ಗೆ ಬರ್ಕೊಟ್ಟಿರೋದು. ಒಂಟೋಗು, ಪೊರಕೆ ತತ್ತೀನಿ ನೋಡು."

ಗಂಡ ಹಿಂದೆ ನಿಂತು ಗೋಡೆ ನೋಡುತ್ತಿದ್ದ. ಅವತ್ತಿನಿಂದ ಮೊದಲು ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ ಆಮೇಲೆ ಬಾಗಿಲು ತಟ್ಟುವುದನ್ನು ಕಲಿತೆ.

ಅದಕ್ಕೂ ಮೊದಲು ಮಾಗಡಿಯಲ್ಲಿ ಇದಕ್ಕಿಂತ ದೊಡ್ಡ ದಡ್ಡತನ ಮಾಡಿದ್ದೆ. ಒಬ್ಬರ ಮನೆಗೆ ಎರಡು ತಿಂಗಳು ಅಲೆದೆ. ಪ್ರತಿ ಸಲ ಕೂರಿಸಿ, ಕಾಫಿ ಕೊಟ್ಟು, ಬಿಲ್ಡರ್ ಎಂಥವನು, ಕಟ್ಟಡ ಎಷ್ಟು ಮಹಡಿ ಎಂದೆಲ್ಲ ಕೇಳುತ್ತಿದ್ದರು. ಕೊನೆಗೆ ಪೆನ್ನು ಕೊಟ್ಟೆ. "ಸೈನ್ ಯಾಕಪ್ಪ? ನಾವ್ ಬಾಡಿಗೆಗೆ ಇರೋರು" ಎಂದರು. ಎರಡು ತಿಂಗಳು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನ್ ಕೇಳ್ಲೇ ಇಲ್ವಲ್ಲ" ಎಂದರು. ಅವರದು ತಪ್ಪಲ್ಲ. ನಾನು ಮಾತಾಡುತ್ತಲೇ ಇದ್ದೆ, ಕೇಳಲಿಲ್ಲ. ಈ ಕೆಲಸದಲ್ಲಿ ಎಲ್ಲರಿಗೂ ಇರುವ ರೋಗ ಅದೇ.

ಪುಟ್ಟಸ್ವಾಮಣ್ಣ ಕೆಟ್ಟವರಲ್ಲ. ಅದನ್ನೂ ಹೇಳಬೇಕು. ನನಗೆ ಬೈಕು ಕೊಡಿಸಿದ್ದು ಅವರು, ನನ್ನ ತಂಗಿ ಮದುವೆಗೆ ಮೂರು ದಿನ ಮುಂಚೆ ಬಂದು ಚಪ್ಪರ ಹಾಕಿಸಿದ್ದು ಅವರು. ಜನರನ್ನು ಓದುವುದು ಅವರಿಗೆ ಗೊತ್ತಿತ್ತು. ಮೆಟ್ಟಿಲ ಕೆಳಗೆ ಬಿಟ್ಟ ಚಪ್ಪಲಿ ನೋಡಿ ಮೇಲೆ ಯಾರು ಯಾರು ಸೇರಿದ್ದಾರೆ ಎಂದು ಹೇಳುತ್ತಿದ್ದರು. ಬಂದವರನ್ನು ಹಾಗೆ ಓದುತ್ತಿದ್ದರು. ಬರದವರ ವಿಷಯ ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಬಿಡದಿಯ ಕಟ್ಟಡದಲ್ಲಿ ಅದು ಗೊತ್ತಾಯಿತು.

ಮೈಸೂರು ರಸ್ತೆಯಿಂದ ಒಂದು ಅಡ್ಡರಸ್ತೆ ಒಳಗೆ ಹೋದರೆ ಆ ಕಟ್ಟಡ. ನಾಲ್ಕು ಅಂತಸ್ತು, ಅಂತಸ್ತಿಗೆ ಹನ್ನೆರಡು ಮನೆ, ಒಟ್ಟು ನಲವತ್ತೆಂಟು. ಮೇಲಿನ ಮೂರು ಅಂತಸ್ತಿನಲ್ಲಿ ಎರಡು ರೂಮಿನ ಮನೆಗಳು. ಕೆಳಗಿನವು ಚಿಕ್ಕವು, ಒಂದು ರೂಮು, ಒಂದು ಅಡಿಗೆಮನೆ, ಹಿಂದೆ ಓಣಿಗೆ ಒಂದು ಬಾಗಿಲು. ಮೇಲೆ ಇದ್ದವರು ಟೀಚರು, ಬ್ಯಾಂಕಿನವರು, ರಿಟೈರಾದವರು. ಕೆಳಗೆ ಇದ್ದವರು ಟೈಲರು, ಗಾಡಿ ಓಡಿಸುವವರು, ಫ್ಯಾಕ್ಟರಿ ಶಿಫ್ಟಿಗೆ ಹೋಗುವವರು.

ಮಾರಾಟಕ್ಕೆ ಓನರುಗಳ ಕಮಿಟಿ ಬೇಕು. ಬಿಲ್ಡರ್ ಜೊತೆ ಮಾತಾಡುವುದು, ನಕ್ಷೆ ನೋಡುವುದು, ಯಾರಿಗೆ ಎಲ್ಲಿ ಮನೆ ಎಂದು ತೀರ್ಮಾನಿಸುವುದು ಎಲ್ಲ ಕಮಿಟಿಯೇ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಟೆರೇಸಿನ ಮೇಲೆ ಮೀಟಿಂಗ್ ಕರೆದವನು ನಾನೇ. ಹತ್ತೊಂಬತ್ತು ಜನ ಬಂದರು. ಏಳು ಜನರ ಕಮಿಟಿ ಆಯಿತು. ಏಳೂ ಜನ ಮೇಲಿನ ಅಂತಸ್ತಿನವರು. ಮೂರನೇ ಮಹಡಿಯ ಮೂರ್ತಿ ಸರ್ ಅಧ್ಯಕ್ಷರು. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದವರು, ನೇರ ಮನುಷ್ಯ.

"ಕೆಳಗಿನವರು ಯಾರೂ ಬಂದಿಲ್ಲವಲ್ಲ ಸರ್" ಎಂದು ನಾನು ಒಂದು ಮಾತು ಹೇಳಿದ್ದೆ.

"ನೋಟೀಸ್ ಹಾಕಿದ್ವಿ ಅಲ್ವಾ ಮಾದೇಶ? ಬರೋದು ಬಿಡೋದು ಅವರಿಗೆ ಬಿಟ್ಟಿದ್ದು" ಎಂದರು.

ಅದೂ ಸರಿ ಅನ್ನಿಸಿತು.

ಮೂರ್ತಿ ಸರ್‌ಗೆ ಅವಸರ ಇತ್ತು. ಅವರ ಹೆಂಡತಿ ಶಾರದಮ್ಮನವರಿಗೆ ಎರಡೂ ಮಂಡಿ ಹೋಗಿತ್ತು. ಎರಡು ವರ್ಷದಿಂದ ಮೂರನೇ ಮಹಡಿಯಿಂದ ಕೆಳಗೆ ಇಳಿದಿರಲಿಲ್ಲ. ನಾನು ಹೋದಾಗಲೆಲ್ಲ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗೆ ನೋಡುತ್ತಾ ಕೂತಿರುತ್ತಿದ್ದರು. "ಹೊಸ ಕಟ್ಟಡಕ್ಕೆ ಲಿಫ್ಟ್ ಇರತ್ತಲ್ವೇನಪ್ಪ?" ಎಂದು ಪ್ರತಿ ಸಲ ಕೇಳುತ್ತಿದ್ದರು. "ಎರಡು ಇರ್ತವೆ ಅಮ್ಮ" ಎಂದು ಪ್ರತಿ ಸಲ ಹೇಳುತ್ತಿದ್ದೆ.

ಕಮಿಟಿ ಆದ ಮೇಲೆ ತಟ್ಟೆ ಹಿಡಿದು ಮನೆಮನೆಗೆ ಹೊರಟೆ. ಮೂರು ದಿನದಲ್ಲಿ ನಲವತ್ತೇಳು ಮನೆ ಮುಗಿಯಿತು. ಕೊನೆಗೆ ಉಳಿದದ್ದು ಕೆಳಗಿನ ಮೂಲೆಯ ಮನೆ, ನಿಂಗಮ್ಮನದು.

ನಿಂಗಮ್ಮ ಮರಳವಾಡಿ ಕಡೆಯವರು. ಗಂಡ ತೀರಿಹೋಗಿದ್ದರು, ಮಗಳು ಮದುವೆಯಾಗಿ ಕನಕಪುರದಲ್ಲಿದ್ದಳು. ಅಡಿಗೆಮನೆಯ ಹಿಂದಿನ ಬಾಗಿಲು ತೆರೆದು ಫ್ಯಾಕ್ಟರಿ ಹುಡುಗರಿಗೆ ಊಟ ಹಾಕುತ್ತಿದ್ದರು. ಮುದ್ದೆ, ಸಾರು, ಅನ್ನ. ಓಣಿಯಲ್ಲಿ ಎರಡು ಬೆಂಚು. ಶಿಫ್ಟ್ ಬಿಟ್ಟವರು ಸೀದಾ ಅಲ್ಲಿಗೆ ಬರುತ್ತಿದ್ದರು. ಅದೇ ಅವರ ಜೀವನ.

ನಾನು ಹೋದಾಗ ಹನ್ನೆರಡೂವರೆ. ಹಿಟ್ಟು ತೊಳಸುತ್ತಿದ್ದರು, ಬಾಗಿಲ ಹತ್ತಿರ ಹತ್ತು ಜನ ನಿಂತಿದ್ದರು. ತಟ್ಟೆ ಮುಂದೆ ಹಿಡಿದೆ. ಕೋಲು ಬಿಟ್ಟು ಎದ್ದು ಬಂದರು. ತಟ್ಟೆ ನೋಡಿದರು, ನನ್ನ ಮುಖ ನೋಡಿದರು.

"ನಂಗಾ?"

"ನಿಮ್ಗೇ ಕಣಮ್ಮ. ಬಿಲ್ಡಿಂಗ್ ವಿಷ್ಯ. ಎಲ್ರೂ ಇಸ್ಕಂಡವ್ರೆ."

ಕೈ ತೊಳೆದುಕೊಂಡು ಬಂದರು. ಸೆರಗಿನಲ್ಲಿ ಒರೆಸಿಕೊಂಡು ಎರಡೂ ಕೈಯಲ್ಲಿ ಎಲೆ ತೆಗೆದುಕೊಂಡರು, ಕಣ್ಣಿಗೆ ಒತ್ತಿಕೊಂಡರು. "ಒಳ್ಳೇದಾಗ್ಲಿ ಕಣಪ್ಪ. ಬಾ, ಒಂದ್ ಮುದ್ದೆ ಉಣ್ಣು" ಎಂದರು. ಟೈಮಿಲ್ಲ ಎಂದು ಹೊರಗೆ ಬಂದು ನೋಟ್‌ಬುಕ್ಕಿನಲ್ಲಿ ನಲವತ್ತೆಂಟನೇ ಗೆರೆ ಎಳೆದೆ. ಬೈಕಿನ ಮೇಲೆ ಕೂತೇ ಪುಟ್ಟಸ್ವಾಮಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ನಲವತ್ತೆಂಟಕ್ಕೆ ನಲವತ್ತೆಂಟು."

"ಭಲೇ ಮಾದೇಶ! ಬಾ, ಬಿರ್ಯಾನಿ ತಿನ್ನವ."

ಬಿಲ್ಡರ್ ನಕ್ಷೆ ಬರೆಸಿದ. ಕಮಿಟಿಯವರು ನೋಡಿ ಒಪ್ಪಿದರು. ಅದನ್ನು ಗೇಟಿನ ಹತ್ತಿರ ಅಂಟಿಸಿದವನೂ ನಾನೇ.

ನಾಲ್ಕನೇ ದಿನ ನಿಂಗಮ್ಮ ಬಸ್ ಹಿಡಿದು ರಾಮನಗರಕ್ಕೆ ಬಂದರು. ಆಫೀಸು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಇಲ್ಲಿ ಮಾದೇಶ ಅನ್ನೋನು ಯಾರಪ್ಪ? ಎಲೆ ಕೊಡೋನು."

ಒಳಗೆ ಕರೆದು ಕೂರಿಸಿದೆ. ನೀರು ಕೊಟ್ಟೆ, ಕುಡಿಯಲಿಲ್ಲ.

"ಗೇಟ್ ತಾವ ಒಂದ್ ಚಿತ್ರ ಅಂಟ್ಸಿದ್ದೀಯಲ್ಲ. ನಮ್ಮ ಊಟದ ಉಡುಗ್ರು ಓದಿ ಯೋಳುದ್ರು. ಕೆಳಗಡೆ ಪೂರಾ ಕಾರ್ ನಿಲ್ಸಾಕೆ, ಮುಂದ್ಗಡೆ ಅಂಗ್ಡಿಗೆ ಅಂತೆ. ನನ್ ಮನೆ ಎಲ್ಲೈತೆ ಅಂದ್ರೆ ಒಂಬತ್ನೇ ಮಾಡೀಲಿ ಐತೆ ಅಂದ್ರು. ಒಂಬತ್ನೇ ಮಾಡಿಗೆ ಉಣ್ಣಕ್ಕೆ ಯಾರಪ್ಪ ಬತ್ತಾರೆ? ಅಲ್ಲಿ ಸೌದೆ ಉರ್ಸಕ್ಕೆ ಯಾರ್ ಬುಡ್ತಾರೆ?"

ಪುಟ್ಟಸ್ವಾಮಣ್ಣ ಒಳಗಿನಿಂದ ಬಂದರು. "ನಿಂಗಮ್ಮ, ಎಲೆ ಇಸ್ಕಂಡಿದ್ದೀಯ. ಇಸ್ಕಂಡ್ ಮ್ಯಾಲೆ ಇಂಗಂದ್ರೆ ಎಂಗೆ?"

"ಎಲೆ ಇಸ್ಕಂಡೆ ಕಣಣ್ಣ. ಮನೆ ಕೊಟ್ನಾ?"

"ಎಲೆ ಅಂದ್ರೆ ಮಾತು ಅಂತ ನಿಂಗೆ ಗೊತ್ತಿಲ್ವಾ? ನೀನೂ ಈ ಕಡೆಯೋಳೇ ಅಲ್ವಾ?"

ನಿಂಗಮ್ಮ ನನ್ನ ಕಡೆ ತಿರುಗಿದರು.

"ನನ್ ಗಂಡ ಓಗಿ ಇಪ್ಪತ್ ವರ್ಸ ಆಯ್ತು ಮಗ. ಮದ್ವೆ ಮನೇಲಿ, ಗೌರಿ ಅಬ್ಬದಲ್ಲಿ ತಟ್ಟೆ ಇಡ್ಕಂಡ್ ಬಂದೋರು ನನ್ ತಾವ ಬಂದಾಗ ಪಕ್ಕದೋಳ್ಗೆ ಕೊಟ್ಟು ಮುಂದ್ಕೋಯ್ತಾರೆ. ನೀನು ಮನೆ ಬಾಗ್ಲಿಗೇ ಬಂದು, ನಿಮ್ಗೇ ಕಣಮ್ಮ ಅಂದೆ. ಅದ್ಕೆ ಇಸ್ಕಂಡೆ. ಎಲೇನ ದೇವ್ರ ಮುಂದೆ ಮಡ್ಗಿದ್ದೆ, ಒಣ್ಗೋಗಾಗಂಟ. ಅದು ಮನೆ ಬರ್ಕೊಡೋ ಎಲೆ ಅಂತ ನೀನ್ ಯಾಕ್ ಯೋಳ್ಲಿಲ್ಲ?"

ಹೊರಗೆ ಮಾರ್ಕೆಟ್ಟಿನಿಂದ ಗೂಡಿನ ಚೀಲ ಹೊತ್ತ ಆಟೋಗಳು ಹೋಗುತ್ತಿದ್ದವು. ನಿಂಗಮ್ಮ ಆ ಕಡೆ ಕೈ ತೋರಿಸಿದರು.

"ನಮ್ಮಣ್ಣನ್ ಜೊತೆ ನಾನೂ ಇಲ್ಗೆ ಗೂಡ್ ತತ್ತಿದ್ದೆ. ಗೂಡ್ ಮುಂದೆ ರೈತ ತಾನೇ ನಿಂತಿರ್ತಾನೆ. ಕೂಗಿದ್ ರೇಟು ಬ್ಯಾಡ ಅಂದ್ರೆ ಬ್ಯಾಡ, ಎತ್ಕಂಡ್ ಓಯ್ತಾನೆ. ನನ್ ಮನೆ ಮುಂದೆ ನಾನ್ ನಿಂತ್ಕಬ್ಯಾಡ್ವಾ? ಮಾರ್ಬ್ಯಾಡಿ ಅಂತ ನಾನ್ ಅಂದಿಲ್ಲ. ನನ್ನೂ ಒಸಿ ಕೇಳಿ ಅಂತೀನಿ, ಅಷ್ಟೇ."

ಅವರು ಹೋದ ಮೇಲೆ ಪುಟ್ಟಸ್ವಾಮಣ್ಣ ಹೇಳಿದರು: "ಒಂದ್ ವಾರ ಬುಡು. ತಣ್ಣಗಾಯ್ತಾಳೆ. ಆಮೇಲ್ ಪೇಪರ್ ತಕ್ಕಂಡೋಗು."

ನಾನು ವಾರ ಬಿಡಲಿಲ್ಲ. ಮರುದಿನ ಬಿಡದಿಗೆ ಹೋದೆ, ತಟ್ಟೆ ಇಲ್ಲದೆ. ಕೆಳಗಿನ ಹನ್ನೆರಡು ಮನೆಗೂ ಮತ್ತೆ ಹೋದೆ. ಈ ಸಲ ಒಂದೇ ಪ್ರಶ್ನೆ ಕೇಳಿದೆ: ಅವತ್ತು ನಾನು ಎಲೆ ಕೊಟ್ಟಿದ್ದು ಯಾತಕ್ಕೆ ಅಂದುಕೊಂಡಿರಿ?

ಏಳು ಮನೆಯವರು ಮಾರಾಟಕ್ಕೆ ಎಂದು ಸರಿಯಾಗಿ ಹೇಳಿದರು, ಈಗಲೂ ಒಪ್ಪಿಗೆ ಇದೆ ಎಂದರು. ನಿಂಗಮ್ಮನನ್ನು ಬಿಟ್ಟರೆ ಇನ್ನು ನಾಲ್ಕು ಮನೆ. ಟೈಲರ್ ಒಬ್ಬರು, ಮೂರ್ತಿ ಸರ್ ಮನೆಯಲ್ಲಿ ಏನೋ ಪೂಜೆ ಇರಬೇಕು ಅಂದುಕೊಂಡಿದ್ದರು. ಒಬ್ಬರು ನನಗೆ ಮದುವೆ ಗೊತ್ತಾಗಿದೆ ಎಂದು ತಿಳಿದಿದ್ದರು. ಇನ್ನೊಬ್ಬರು, ಯಾವುದಕ್ಕೆ ಕೊಟ್ಟರೂ ಎಲೆ ಬೇಡ ಎನ್ನಬಾರದು ಎಂದು ತೆಗೆದುಕೊಂಡಿದ್ದರು. ಗಾಡಿ ಓಡಿಸುವ ಒಬ್ಬ ಜೋರಾಗಿ ನಕ್ಕ.

"ಏನೋ ಎಲೆಕ್ಷನ್‌ಗೆ ನಿಂತಿದ್ದೀಯೇನೋ ಅನ್ಕಂಡೆ ಕಣ್ಲಾ. ಬಾಳೆಹಣ್ ಬೇರೆ ಕೊಟ್ಟೆ. ಸೋತೋಯ್ತೀಯ ಪಾಪ ಅಂತ ನಮ್ಮನೇವ್ಳಿಗೂ ಯೋಳಿದ್ದೆ."

ನನಗೂ ನಗು ಬಂತು. ಬಂದ ಮೇಲೆ ನಾಚಿಕೆಯಾಯಿತು.

ಮೀಟಿಂಗಿಗೆ ಯಾಕೆ ಬರಲಿಲ್ಲ ಎಂದೂ ಕೇಳಿದೆ. ಭಾನುವಾರ ಹನ್ನೊಂದಕ್ಕೆ ಟೈಲರ್ ಅಂಗಡಿಯಲ್ಲಿ ಇರುತ್ತಾರೆ, ಗಾಡಿಯವನು ಬಾಡಿಗೆಗೆ ಹೋಗಿರುತ್ತಾನೆ, ನಿಂಗಮ್ಮನ ಒಲೆಯ ಮೇಲೆ ಎಸರು ಇರುತ್ತದೆ. ನನಗೆ ಅನುಕೂಲವಾದ ಗಂಟೆಗೆ ನಾನು ಮೀಟಿಂಗ್ ಕರೆದಿದ್ದೆ. ಬಂದವರು ತಮ್ಮಲ್ಲೇ ಆರಿಸಿಕೊಂಡರು. ಅದಕ್ಕೆ ನಾವೆಲ್ಲ ನಲವತ್ತೆಂಟು ಮನೆಯ ಕಮಿಟಿ ಎಂದು ಹೆಸರಿಟ್ಟೆವು. ಲಿಫ್ಟ್ ಬೇಕು ಅನ್ನುವವರು ಕೂತು ನಕ್ಷೆ ನೋಡಿದರೆ ಲಿಫ್ಟ್ ಇದೆಯಾ ಎಂದು ನೋಡುತ್ತಾರೆ. ಕೆಳಗೆ ಮನೆ ಇಲ್ಲ ಎನ್ನುವುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅವರು ಮೋಸ ಮಾಡಲಿಲ್ಲ. ಆ ಮನೆ ಅವರದಲ್ಲ, ಅಷ್ಟೇ.

ಮುಂದಿನ ಭಾನುವಾರ ಟೆರೇಸಿನಲ್ಲಿ ಮತ್ತೆ ಮೀಟಿಂಗ್. ಬಿಲ್ಡರ್ ಕಡೆಯವನು ಫೈಲ್ ಹಿಡಿದು ಬಂದಿದ್ದ. ಒಪ್ಪಿದವರ ಹೆಸರು ನಾನು ಓದಬೇಕು, ಅವನು ಬರೆದುಕೊಳ್ಳಬೇಕು. ಪುಟ್ಟಸ್ವಾಮಣ್ಣ ಮುಂದೆಯೇ ಕೂತಿದ್ದರು. ನಾನು ಓದಿದೆ. ಮುಗಿಸಿದೆ.

ಮೂರ್ತಿ ಸರ್ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು. "ನಲವತ್ತಮೂರು ಆಯ್ತು. ಐದು ಬಿಟ್ರಿ."

"ಬಿಟ್ಟಿಲ್ಲ ಸರ್. ಆ ಐದು ಮನೆಯವ್ರು ಒಪ್ಪಿಲ್ಲ. ಎಲೆ ಇಸ್ಕಂಡಿದ್ದನ್ನ ಒಪ್ಪಿಗೆ ಅಂತ ನಾನೇ ಬರ್ಕಂಡಿದ್ದೆ. ತಪ್ಪು ನಂದು."

ಪುಟ್ಟಸ್ವಾಮಣ್ಣ, "ಲೇ, ಕೂತ್ಕಳ್ಲಾ" ಎಂದು ಮೆಲ್ಲಗೆ ಹೇಳಿದರು. ನಾನು ಕೂರಲಿಲ್ಲ. ಕೆಳಗಿನವರು ಒಬ್ಬರೂ ಕಮಿಟಿಯಲ್ಲಿ ಇಲ್ಲ, ಅವರಿಗೆ ಕೆಳಗೆ ಮನೆ ಬೇಕೋ ಬೇಡವೋ ಎಂದು ಯಾರೂ ಕೇಳಿಲ್ಲ ಎಂದೆ. ಬಿಲ್ಡರ್ ಕಡೆಯವನು ಫೈಲ್ ಮುಚ್ಚಿದ. "ಎಲ್ಲಾ ಕ್ಲಿಯರ್ ಆದ್ಮೇಲೆ ಫೋನ್ ಮಾಡಿ ಸರ್" ಎಂದು ಎದ್ದು ಹೋದ. ಅವನು ಮತ್ತೆ ಬರಲಿಲ್ಲ.

ಮೂರ್ತಿ ಸರ್ ನನ್ನ ಹತ್ತಿರ ಬಂದರು. ಕೂಗಾಡುತ್ತಾರೆ ಅಂದುಕೊಂಡೆ. ಕೂಗಾಡಲಿಲ್ಲ.

"ನಮ್ಮನೆಯವಳು ಕೆಳಗೆ ಇಳಿದು ಎರಡು ವರ್ಷ ಆಯ್ತು ಮಾದೇಶ. ನಿಮಗೇ ಗೊತ್ತು. ನಿಂಗಮ್ಮನ ಒಲೆ ಆರಬಾರದು ಅಂತ ಇವಳು ಮೇಲೇ ಇರಬೇಕಾ?"

ಅನ್ಯಾಯ ಸರಿ ಮಾಡಲು ಹೋದರೆ ಅದರ ಭಾರ ಇನ್ನೊಬ್ಬರ ಮಂಡಿಯ ಮೇಲೆ ಬೀಳುತ್ತದೆ. ನಾನು ಮೊದಲ ಸಲವೇ ಸರಿಯಾಗಿ ಕೇಳಿದ್ದರೆ ಇಬ್ಬರ ಮಾತನ್ನೂ ನಕ್ಷೆ ಬರೆಯುವ ಮೊದಲೇ ಇಡಬಹುದಿತ್ತು. ನಕ್ಷೆ ಬರೆದಾದ ಮೇಲೆ ಕೇಳಿದ್ದರಿಂದ ಒಬ್ಬರಿಗೊಬ್ಬರು ಅಡ್ಡ ಬಂದಂತೆ ಕಂಡಿತು. ತಪ್ಪು ಆಗಿದ್ದು ಅಲ್ಲಿ.

ಕೆಳಗೆ ಇಳಿದು ಬಂದಾಗ ಪುಟ್ಟಸ್ವಾಮಣ್ಣ ಬೈಕಿನ ಹತ್ತಿರ ನಿಂತಿದ್ದರು.

"ನಂಗೆ ಒಂದ್ ಮಾತು ಮೊದ್ಲೇ ಯೋಳ್ಬೌದಿತ್ತಲ್ಲಾ?"

"ಯೋಳಿದ್ರೆ ಬುಡ್ತಿದ್ರಾ ಅಣ್ಣ?"

"ಇಲ್ಲ" ಎಂದರು. ನೇರವಾಗಿಯೇ ಹೇಳಿದರು. "ನಾಳೆಯಿಂದ ಬರ್ಬ್ಯಾಡ. ಬೈಕು ನಿಂದೇ, ಮಡಿಕ್ಕೊ."

ನನ್ನ ಕೆಲಸ ಮುಗಿದದ್ದು ಹೀಗೆ. ಈಗ ಅದೇ ರಸ್ತೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತೇನೆ. ಮಧ್ಯಾಹ್ನ ಬಿಡದಿಯಲ್ಲಿದ್ದರೆ ನಿಂಗಮ್ಮನ ಬೆಂಚಿನಲ್ಲೇ ಊಟ. ಮೊದಲನೇ ದಿನ, "ಇವತ್ತಾದ್ರೂ ಟೈಮ್ ಐತಾ?" ಎಂದು ಕೇಳಿ ಮುದ್ದೆ ಹಾಕಿದರು.

ಈ ನಡುವೆ ಕೆಲಸದ ರೀತಿ ಬದಲಾಗಿದೆ ಎಂದು ಕೇಳುತ್ತೇನೆ. ಈಗ ಯಾರೂ ತಟ್ಟೆ ಹಿಡಿದು ಹೋಗುವುದಿಲ್ಲ. ವಾಟ್ಸಾಪ್ ಗ್ರೂಪು ಮಾಡುತ್ತಾರೆ, ನಕ್ಷೆ ಹಾಕುತ್ತಾರೆ, ಅದರ ಕೆಳಗೆ ಎತ್ತಿದ ಹೆಬ್ಬೆರಳಿನ ಚಿತ್ರ ಒತ್ತಿದವರನ್ನು ಒಪ್ಪಿದವರು ಎಂದು ಎಣಿಸುತ್ತಾರೆ. ಹುಡುಗರೇ, ಅದೂ ನನ್ನ ತಟ್ಟೆಯೇ. ನೋಡಿದೆ ಎಂದು ಒತ್ತಿದವರು ಇರುತ್ತಾರೆ, ಎಲ್ಲರೂ ಒತ್ತಿದರೆಂದು ಒತ್ತಿದವರು ಇರುತ್ತಾರೆ. ಫೋನು ಮೊಮ್ಮಗನ ಕೈಯಲ್ಲಿ ಇರುತ್ತದೆ. ಬಾಗಿಲಿಗೆ ಹೋಗಿ. ಒಲೆ ಉರಿಯುವಾಗ ಹೋಗಬೇಡಿ. ಮನೆ ಯಾರ ಹೆಸರಲ್ಲಿದೆಯೋ ಅವರನ್ನೇ ಕೇಳಿ. ಕೇಳಿದ ಮೇಲೆ ಅವರು ಏನು ತಿಳಿದುಕೊಂಡರು ಎಂದು ಅವರ ಬಾಯಲ್ಲೇ ಹೇಳಿಸಿ. ಮೀಟಿಂಗಿಗೆ ಬಂದವರ ಪಟ್ಟಿಗಿಂತ ಬರದವರ ಪಟ್ಟಿಯನ್ನು ಮೊದಲು ಬರೆಯಿರಿ.

ಆ ಕಟ್ಟಡದ ಕಥೆ ಅಲ್ಲಿಗೆ ನಿಲ್ಲಲಿಲ್ಲ.

ಹತ್ತು ತಿಂಗಳಾದ ಮೇಲೆ ಮೂರ್ತಿ ಸರ್ ಫೋನ್ ಮಾಡಿದರು. ಬೇರೆ ಬಿಲ್ಡರ್ ಬಂದಿದ್ದಾನಂತೆ. "ಬಂದವನು ಮೊದಲು ಕೇಳಿದ್ದೇ, ಕೆಳಗಿನವರು ಒಪ್ಪಿದ್ದಾರಾ ಅಂತ. ಊರೆಲ್ಲ ಸುದ್ದಿ ಮಾಡಿಟ್ಟಿದ್ದೀರಿ ನೀವು" ಎಂದರು. ಬೈಯುತ್ತಿದ್ದಾರಾ ಎಂದು ಗೊತ್ತಾಗಲಿಲ್ಲ. "ಕಮಿಟಿ ಹೊಸದಾಗಿ ಮಾಡ್ತೀವಿ. ಅಂತಸ್ತಿಗೆ ಇಬ್ಬರು, ಆಯಾ ಅಂತಸ್ತಿನವರೇ ಆರಿಸಬೇಕು. ಶಾರದಾನೇ ಹೇಳಿದ್ದು. ನಿಂಗಮ್ಮ ಮೇಲೆ ಬಂದು ಇವಳ ಹತ್ತಿರ ಮಾತಾಡಿ ಹೋಗಿದ್ದಾರೆ. ಏನು ಮಾತಾಡಿದ್ರೋ, ನನಗೆ ಇಬ್ಬರೂ ಹೇಳಲ್ಲ."

ಕೆಳಗಿನವರು ಟೈಲರನ್ನೂ ನಿಂಗಮ್ಮನನ್ನೂ ಆರಿಸಿದರು. ಮೊದಲನೇ ಮೀಟಿಂಗ್ ಮಧ್ಯಾಹ್ನ ಮೂರೂವರೆಗೆ, ಊಟದ ಹೊತ್ತು ಮುಗಿದ ಮೇಲೆ. ಜಾಗ ಟೆರೇಸ್ ಅಲ್ಲ, ಹಿಂದಿನ ಓಣಿ. ನೀನೂ ಬಾ ಎಂದು ನಿಂಗಮ್ಮ ಹೇಳಿದ್ದರಿಂದ ಹೋದೆ.

ಓಣಿಯಲ್ಲಿ ಎಲ್ಲರೂ ಸೇರಿದ ಮೇಲೆ ನಿಂಗಮ್ಮ ಮೇಲೆ ನೋಡಿದರು. ಶಾರದಮ್ಮ ಬಾಲ್ಕನಿಯಲ್ಲಿ ಕೂತಿದ್ದರು.

"ಅಮ್ಮಾವ್ರು ಅಲ್ಲೇ ಕುಂತ್ರೆ ಎಂಗೆ? ಅವ್ರನ್ನೂ ಕೇಳ್ಬೇಕಲ್ವಾ?" ಎಂದರು. ಆಮೇಲೆ ಬೆಂಚಿನಲ್ಲಿ ಕೂತಿದ್ದ ಫ್ಯಾಕ್ಟರಿಯವರ ಕಡೆ ತಿರುಗಿ, "ಏಳ್ರಲಾ, ಉಂಡಿದ್ದು ಕರಗ್ಲಿ" ಎಂದರು.

ನಾಲ್ಕು ಜನ ಮೇಲೆ ಹೋದರು. ಶಾರದಮ್ಮನವರನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿಕೊಂಡು ಮೂರು ಮಹಡಿ ಇಳಿಸಿದರು. ಶಾರದಮ್ಮ ಕಣ್ಣು ಮುಚ್ಚಿಕೊಂಡು, "ನಿಧಾನ ಕಣ್ರಪ್ಪ, ನಿಧಾನ" ಎನ್ನುತ್ತಲೇ ಇದ್ದರು. ಮೂರ್ತಿ ಸರ್ ಅಷ್ಟೂ ಮೆಟ್ಟಿಲು ಕುರ್ಚಿಯ ಕಾಲು ಹಿಡಿದುಕೊಂಡೇ ಬಂದರು, ಎತ್ತುವವರಿಗೆ ಅದರಿಂದ ತೊಂದರೆಯೇ ಆಯಿತು. ಕುರ್ಚಿ ನೆಲಕ್ಕೆ ಇಟ್ಟ ಮೇಲೆ ಶಾರದಮ್ಮ ಕಣ್ಣು ಬಿಟ್ಟು, ಚಪ್ಪಲಿ ತೆಗೆದು, ಕಾಲನ್ನು ಮಣ್ಣಿನ ಮೇಲೆ ಇಟ್ಟರು.

ಮೀಟಿಂಗ್ ಒಂದು ಗಂಟೆ ನಡೆಯಿತು. ನಿಂಗಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಕೆಳಗಡೆ ಮನೆ ಇದ್ದೋರ್ಗೆ ಕೆಳಗಡೆ ಯಾಕಿಲ್ಲ?" ಹೊಸ ಬಿಲ್ಡರ್ ಕಡೆಯ ಎಂಜಿನಿಯರ್ ತಲೆ ಕೆರೆದುಕೊಂಡ. ಹಿಂದಿನ ಕಡೆ ಕಾರು ನಿಲ್ಲಿಸುವ ಒಂದು ಸಾಲು ತೆಗೆದರೆ ಆರು ಚಿಕ್ಕ ಮನೆ ಕೂರಿಸಬಹುದು, ಓಣಿಗೆ ಬಾಗಿಲು ಇಡಬಹುದು ಎಂದ. ಕೆಳಗೇ ಇರಬೇಕು ಎಂದವರು ನಾಲ್ಕೇ ಮನೆಯವರು. ಉಳಿದವರಿಗೆ ಲಿಫ್ಟ್ ಇದ್ದರೆ ಮೇಲೆ ಹೋಗಲು ಖುಷಿಯೇ ಇತ್ತು. ಇಷ್ಟೇ ವಿಷಯ. ಮೊದಲ ಸಲವೇ ಕೇಳಿದ್ದರೆ ಒಂದು ಗಂಟೆ ಸಾಕಾಗುತ್ತಿತ್ತು. ಕಾರಿನ ಜಾಗ ಹೋಯಿತೆಂದು ಎರಡನೇ ಮಹಡಿಯ ಒಬ್ಬರು ಗೊಣಗಿದರು. ಅವರ ಮಾತನ್ನೂ ಬರೆದುಕೊಂಡರು.

ಎಲ್ಲ ಮುಗಿಯಿತು ಅನ್ನುವಾಗ ನಿಂಗಮ್ಮ ಒಳಗೆ ಹೋದರು. ಬಂದಾಗ ಕೈಯಲ್ಲಿ ತಟ್ಟೆ ಇತ್ತು. ಎಲೆ, ಅಡಿಕೆ, ಬಾಳೆಹಣ್ಣು.

ಓಣಿಯಲ್ಲಿದ್ದವರೆಲ್ಲ ತಟ್ಟೆಯ ಕಡೆ ತಿರುಗಿದರು. ಎಂಜಿನಿಯರ್‌ಗೆ ಏನಾಯಿತೆಂದು ಗೊತ್ತಾಗಲಿಲ್ಲ. ನಿಂಗಮ್ಮ ಮೊದಲು ಮೂರ್ತಿ ಸರ್ ಮುಂದೆ ತಟ್ಟೆ ಹಿಡಿದರು. ಅವರು ಚಾಚಿದ ಕೈಯನ್ನು ಅರ್ಧಕ್ಕೆ ನಿಲ್ಲಿಸಿದರು.

"ನಿಂಗಮ್ಮ, ಇದು ಯಾವ ಎಲೆ?"

"ಬರೀ ಎಲೆ ಕಣ್ ಸಾಮಿ" ಎಂದು ನಿಂಗಮ್ಮ ನಕ್ಕರು. "ನಮ್ಮನೆ ಬಾಗ್ಲಿಗೆ ಬಂದಿದ್ದೀರಿ, ಅದ್ಕೆ. ಪೇಪರ್ ಬರ್ಲಿ, ಓದಿಸ್ಕಂಡು ಆಮೇಲ್ ಸೈನ್ ಆಕ್ತೀನಿ. ನೀವೂ ಓದ್ಕಂಡೇ ಆಕಿ."

ಮೂರ್ತಿ ಸರ್ ಇನ್ನೂ ಯೋಚಿಸುತ್ತಿದ್ದರು. ಪಕ್ಕದ ಕುರ್ಚಿಯಿಂದ ಶಾರದಮ್ಮ, "ನನಗೆ ಕೊಡಿ ನಿಂಗಮ್ಮ" ಎಂದು ಎರಡೂ ಕೈ ಚಾಚಿ ತೆಗೆದುಕೊಂಡರು, ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಎಲ್ಲರೂ ತೆಗೆದುಕೊಂಡರು. ಎಂಜಿನಿಯರ್ ಬಾಳೆಹಣ್ಣನ್ನು ಅಲ್ಲೇ ತಿಂದ.

ಕೊನೆಗೆ ತಟ್ಟೆ ನನ್ನ ಮುಂದೆ ಬಂತು.

"ತಗೊ ಮಗ" ಎಂದರು.

ತೆಗೆದುಕೊಂಡೆ. ಜೇಬಿನಲ್ಲಿ ಹಳೇ ನೋಟ್‌ಬುಕ್ ಇತ್ತು, ಅಭ್ಯಾಸಬಲದಿಂದ ಇಟ್ಟುಕೊಂಡಿದ್ದೆ. ಹೊರಗೆ ತೆಗೆಯಲಿಲ್ಲ.